ಕಣ್ಣು ಬಿಡಿಸದ ಅಚ್ಚು

ಶಿರಸಿ, ೧೨ ಅಕ್ಟೋಬರ್ ೧೯೫೮

ಚಿ. ಸೌ. ವಿನೋದಾಳಿಗೆ ಅಂದಾನಪ್ಪನ ಆಶೀರ್ವಾದ.

ಈ ಪತ್ರದ ಜೊತೆಗೇ ಯಲ್ಲಾಪುರದ ಬಸ್ಸಿನಲ್ಲಿ ನಿನ್ನ ಹೆಸರಿಗೆ ಒಂದು ಗೋಣಿಚೀಲ ಬರುತ್ತದೆ. ಇಳಿಸಿಕೊಳ್ಳುವಾಗ ಜೋಪಾನ. ಒಳಗೆ ನಾಲ್ಕು ಮರದ ಅಚ್ಚುಗಳಿವೆ. ನಮ್ಮ ವಾಚನಾಲಯವನ್ನು ೧೯೦೯ರಲ್ಲಿ ಕಟ್ಟಿದ ನಾಲ್ವರ ಮುಖಗಳು. ಕೆತ್ತಿದವನು ಗುಡಿಗಾರ ವೆಂಕಟ್ರಮಣ. ಆಗ ನನಗೆ ಹನ್ನೆರಡು ವರ್ಷ; ಅವನು ನಮ್ಮ ಕಟ್ಟೆಯ ಮೇಲೆ ಕೂತು ಶಿವನೆ ಮರದ ಹಲಗೆಯ ಮೇಲೆ ಉಳಿ ಆಡಿಸುವುದನ್ನು ಶಾಲೆ ತಪ್ಪಿಸಿ ನೋಡಿದವನು ನಾನು. ಕಾಗದದ ಮೇಲೆ ಒತ್ತಿ ಮನೆಮನೆಗೆ ಹಂಚಬೇಕೆಂದು ಮಾಡಿಸಿದ ಅಚ್ಚುಗಳು. ಯಾಕೋ ಹಂಚಲಿಲ್ಲ. ಐವತ್ತು ವರ್ಷ ವಾಚನಾಲಯದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ಹೊಗೆ, ಎಣ್ಣೆ, ಧೂಳು ಕೂಡಿ ಈಗ ಅವು ದೋಸೆಹಂಚಿನಂತೆ ಕಪ್ಪಾಗಿವೆ.

ಬರುವ ಯುಗಾದಿಗೆ ವಾಚನಾಲಯಕ್ಕೆ ಐವತ್ತು ತುಂಬುತ್ತದೆ. ಅಚ್ಚು ಒತ್ತಿಸಿ ನಾಲ್ವರ ಚಿತ್ರ ತೂಗುಹಾಕೋಣ ಎಂದು ಸಭೆಯಲ್ಲಿ ನಾನು ಹೇಳಿದರೆ, ಕಾರ್ಯದರ್ಶಿ ಕಮಲಾಕರ ಏನೆಂದ ಗೊತ್ತೆ? "ಆ ಕಣ್ಣಿಲ್ಲದ ಹಲಗೆ ಕೋಟೆಕೆರೆಗೆ ಹಾಕಿ ಬಿಡುವಾ ಮಾಸ್ತರ್ರೇ. ಅವು ಇದ್ದಲ್ಲಿ ಏಳಿಗೆ ಇಲ್ಲ." ಹೋದ ವರ್ಷ ಒಬ್ಬ ಸದಸ್ಯ ತೀರಿಕೊಂಡನಂತೆ, ಇನ್ನೊಬ್ಬನಿಗೆ ಕಾರವಾರಕ್ಕೆ ಬದಲಿಯಾಯಿತಂತೆ. ಬದಲಿಯೂ ಅಚ್ಚಿನ ಪ್ರಭಾವ. ಪುಸ್ತಕಗಳ ನಡುವೆ ಕುಳಿತು ಆಡುವ ಮಾತು ಇದು. ಮೂವತ್ತನಾಲ್ಕು ವರ್ಷ ನಾನು ಈ ಊರುಗಳಲ್ಲಿ ಮಕ್ಕಳಿಗೆ ಏನು ಕಲಿಸಿದೆನೋ ತಿಳಿಯದಾಗಿದೆ. ಕಮಲಾಕರನೂ ನನ್ನ ವಿದ್ಯಾರ್ಥಿಯೇ.

ಸಿದ್ದಾಪುರದ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವರಲ್ಲಿ ಅಚ್ಚು ಕೊರೆಯುವ ವಿದ್ಯೆ ಹಿಡಿದವಳು ನೀನೊಬ್ಬಳೇ. ನಾಲ್ಕರದೂ ಒಂದೊಂದು ಪ್ರತಿ ಒತ್ತಿ ಕಳಿಸು. ಹೆಸರು ಹಿಂಬದಿಯಲ್ಲಿವೆ. ಒಬ್ಬರು ನನ್ನ ತಂದೆ ಬಸಪ್ಪನವರು. ಇನ್ನೊಬ್ಬರು ನಿನ್ನ ಅಜ್ಜ, ಹೇರೂರಿನ ಗಣಪ ಹೆಗಡೆಯವರು. ನೀನು ಹುಟ್ಟುವ ಮೊದಲೇ ತೀರಿಕೊಂಡವರು. ಅವರ ಫೋಟೋ ಇಲ್ಲವೆಂದು ನಿನ್ನ ತಂದೆ ಹೇಳುತ್ತಿದ್ದರು. ಮೊಮ್ಮಗಳು ಮುಖ ನೋಡಲಿ.

ಅಕ್ಷರ ದೊಡ್ಡದಾಗಿದ್ದರೆ ಕ್ಷಮಿಸು. ಹೊಸ ನಿಬ್ಬು, ಮಾತು ಕೇಳುತ್ತಿಲ್ಲ.

ಅಂದಾನಪ್ಪ


ಯಲ್ಲಾಪುರ, ೨ ನವೆಂಬರ್ ೧೯೫೮

ಪೂಜ್ಯ ಮಾಸ್ತರರಿಗೆ ವಿನೋದಾಳ ನಮಸ್ಕಾರಗಳು.

ಚೀಲ ಮುಟ್ಟಿತು. ಅಚ್ಚುಗಳಿಗೆ ಪೆಟ್ಟಾಗಿಲ್ಲ. ನಿಮ್ಮ ಪತ್ರದ ಸಾಲುಗಳು ಮಾತ್ರ ಒಂದರ ಮೇಲೊಂದು ಹತ್ತಿದ್ದವು. ಶುದ್ಧಬರಹಕ್ಕೆ ನಮ್ಮ ಬೆರಳಿನ ಗಿಣ್ಣಿಗೆ ಹೊಡೆದವರು ನೀವು. ಬಸ್ಸು ಹೊರಡುವ ಅವಸರದಲ್ಲಿ ಬರೆದಿರಬೇಕು ಎಂದುಕೊಂಡೆ.

ಎರಡು ರವಿವಾರ ಒದ್ದೆ ಬಟ್ಟೆಯಿಂದ ಒರೆಸಿದರೂ ಮರದ ಕಪ್ಪು ಹೋಗಲಿಲ್ಲ. ಬೆರಳಿಗೆ ಗೆರೆ ಸಿಗುತ್ತದೆ, ಕಣ್ಣಿಗೆ ಮುಖ ಕಾಣುವುದಿಲ್ಲ. ಇರಲೆಂದು ಮಸಿ ಹಚ್ಚಿ, ಕಾಗದ ಹಾಸಿ, ಚಿಪ್ಪಿನ ಸೌಟಿನ ಬೆನ್ನಿನಿಂದ ಉಜ್ಜಿದೆ. ನನ್ನ ಹತ್ತಿರ ಇರುವ ಪ್ರೆಸ್ಸು ಅದೇ. ಮೊದಲು ಎತ್ತಿದ್ದು ನಮ್ಮ ಅಜ್ಜನದು.

ಮಾಸ್ತರರೇ, ಕೈಕೆಲಸ ಅದ್ಭುತ. ಮೀಸೆಯ ಕೂದಲು, ಕೊರಳಿನ ಸುಕ್ಕು, ಹೊದ್ದ ಪಂಚೆಯ ನೇಯ್ಗೆಯ ಎಳೆ, ಒಂದನ್ನೂ ಬಿಟ್ಟಿಲ್ಲ. ಆದರೆ ಕಣ್ಣಿನ ಜಾಗವನ್ನು ಕೊರೆದೇ ಇಲ್ಲ. ಕೊರೆಯದ ಮರ ಮಸಿ ಹಿಡಿಯುತ್ತದಲ್ಲ. ಕಾಗದದಲ್ಲಿ ಅಲ್ಲಿ ಎರಡು ಕಪ್ಪು ಗುಂಡಿಗಳು. ನಾಲ್ವರಿಗೂ ಹೀಗೆಯೇ. ಧಾರವಾಡದಲ್ಲಿ ಕಲಿಯುವಾಗ ನಮ್ಮ ಗುರುಗಳು ದೊಡ್ಡ ಪುಸ್ತಕ ತೆರೆದು ತೋರಿಸುತ್ತಿದ್ದರು: ನಾನೂರು ವರ್ಷದ ಹಿಂದೆ ಜರ್ಮನಿಯವರು ಕೊರೆದ ಅಸ್ಥಿಪಂಜರಗಳು, ಜಪಾನಿನವರ ಕೂದಲು ಬಿಚ್ಚಿದ ಹೆಂಗಸಿನ ಭೂತ. ಅವು ಹೆದರಿಸಲೆಂದೇ ಮಾಡಿದವು, ನಾವು ಹುಡುಗಿಯರು ನಗುತ್ತಿದ್ದೆವು. ಇದು ಹೆದರಿಸಲು ಮಾಡಿದ್ದಲ್ಲ. ಅದಕ್ಕೇ ನಗು ಬರಲಿಲ್ಲ.

ಇನ್ನೊಂದು ವಿಷಯ. ಅಜ್ಜನ ಜನಿವಾರ ಬಲ ಭುಜದ ಮೇಲಿದೆ. ನಮ್ಮಲ್ಲಿ ಜನಿವಾರ ಎಡ ಭುಜದ ಮೇಲಿರುವುದು. ಬಲಕ್ಕೆ ಹಾಕಿಕೊಳ್ಳುವುದು ಪಿತೃಕಾರ್ಯಕ್ಕೆ ಮಾತ್ರ. ನಾನು ಗಮನಿಸಿರಲಿಲ್ಲ. ಚಿತ್ರವನ್ನು ಒಣಗಲು ಅಡುಗೆಮನೆಯ ಬಾಗಿಲಿಗೆ ಸಿಕ್ಕಿಸಿದ್ದೆ. ಅತ್ತೆ ಒಳಗೆ ಬಂದವರು ನಿಂತುಬಿಟ್ಟರು.

"ಎಂತದೇ ಇದು? ಶ್ರಾದ್ಧಕ್ಕೆ ಕೂತಾಂಗೆ ಇದ್ದಲೇ. ಕಣ್ಣೂ ಇಲ್ಲೆ."

"ಎನ್ನ ಅಜ್ಜ ಅತ್ತೆ."

"ಅಜ್ಜ ಆದ್ರೆ ಆಗ್ಲಿ. ಇವನ ಎದ್ರಿಗೆ ಆನು ಉಣ್ತ್ನಿಲ್ಲೆ. ಆ ಬದಿಗೆ ತಿರುಗ್ಸಿಡು."

ತಿರುಗಿಸಿಟ್ಟೆ. ನಿಜ ಹೇಳುವುದಾದರೆ ನನಗೂ ಸಮಾಧಾನವಾಯಿತು. ಅಜ್ಜ ತೀರಿಕೊಂಡದ್ದು ಈ ಅಚ್ಚು ಮಾಡಿದ ಮರುವರ್ಷ ಎಂದು ಮನೆಯಲ್ಲಿ ಹೇಳುತ್ತಾರೆ. ವೆಂಕಟ್ರಮಣ ಯಾಕೆ ಹೀಗೆ ಮಾಡಿದ? ನಿಮ್ಮ ನೆನಪಿಗೆ ಏನಾದರೂ ಬರುತ್ತದೆಯೆ?

ಗೌರಕ್ಕನಿಗೆ ನಮಸ್ಕಾರ.

ವಿನೋದಾ


ಶಿರಸಿ, ೨೦ ನವೆಂಬರ್ ೧೯೫೮

ಚಿ. ಸೌ. ವಿನೋದಾಳಿಗೆ ಆಶೀರ್ವಾದ.

ಬಲಗೈ ಬೆರಳಿಗೆ ಉಗುರುಸುತ್ತು ಆಗಿರುವುದರಿಂದ ಇದನ್ನು ನಾನು ಹೇಳಿ ಗೌರಕ್ಕನಿಂದ ಬರೆಸುತ್ತಿದ್ದೇನೆ. ಅವಳ ಕಾಗುಣಿತದ ತಪ್ಪುಗಳಿಗೆ ನಾನು ಹೊಣೆಯಲ್ಲ. ಹೊಣೆ ಎಂದರೂ ನಡೆಯುತ್ತದೆ, ಮದುವೆಯಾಗಿ ಬಂದ ಮೇಲೆ ಕಲಿಸಿದವನು ನಾನೇ.

ನಿನ್ನ ಪತ್ರ ಹದಿನೈದು ದಿನಕ್ಕೆ ಮುಟ್ಟಿತು. ಮುಂಬೈ ಸರಕಾರ ಇದ್ದಾಗ ಯಲ್ಲಾಪುರದ ಟಪಾಲು ಮೂರನೆಯ ದಿನ ಕೈಗೆ ಬರುತ್ತಿತ್ತು. ಕನ್ನಡ ನಾಡು ಒಂದಾಯಿತು, ಟಪಾಲು ಮಾತ್ರ ದೂರವಾಯಿತು.

ನಿನ್ನಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಓದಿದ ಹುಡುಗಿ, ಅಜ್ಜನ ಚಿತ್ರವನ್ನು ಗೋಡೆಗೆ ಮುಖಮಾಡಿ ಇಡುತ್ತಾಳೆ. ಶ್ರಾದ್ಧವಂತೆ, ಜನಿವಾರವಂತೆ. ಹೆಗಡೆಯವರು ವಿಷಮಶೀತ ಜ್ವರದಿಂದ ತೀರಿಕೊಂಡರು, ಆ ವರ್ಷ ಊರಿನಲ್ಲಿ ಇನ್ನೂ ಹನ್ನೊಂದು ಜನ ಹೋದರು. ಅವರಲ್ಲಿ ಯಾರ ಮುಖವನ್ನೂ ಯಾರೂ ಕೆತ್ತಿರಲಿಲ್ಲ. ವೆಂಕಟ್ರಮಣ ಯಾಕೆ ಬಿಟ್ಟ ಎಂದು ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಇಲ್ಲ. ಒಂದು ಬೆಳಿಗ್ಗೆ ಬಂದು ಅಚ್ಚುಗಳನ್ನು ಕಟ್ಟೆಯ ಮೇಲಿಟ್ಟು, ಮಾತಾಡದೆ ಹೋದ.

ಚಿತ್ರಗಳನ್ನು ಕಳಿಸು. ಒಂದು ಮಾತು ನೆನಪಿರಲಿ: ನನ್ನ ತಂದೆಯ ಅಚ್ಚಿನ ಕಣ್ಣಿಗೆ ಉಳಿ ಮುಟ್ಟಿಸಬೇಡ.

ಅಂದಾನಪ್ಪ

ತಂಗೀ ವಿನೋದಾ, ಇದು ನಾನು ಗೌರಕ್ಕ ಬರ್ಯಾಕ ಹತ್ತೀನಿ. ಉಗುರುಸುತ್ತು ಇಲ್ಲ ಏನೂ ಇಲ್ಲ. ಇವರಿಗೆ ಕಣ್ಣು ಕಾಣವಲ್ದು. ಎರಡೂ ಕಣ್ಣಿಗೆ ಪೊರೆ ಬಂದೈತಿ. ಪೇಪರು, ಕಾಗದ ಎಲ್ಲಾ ನಾನ ಓದಬೇಕು. ಸ್ಟಾಂಪಿನ ಸಿಕ್ಕಾದಿಂದ ಹಿಡಿದು ಕೊನೀ ನಮಸ್ಕಾರದ ತನಕ ಬೆರಳಿಟ್ಟು ಗಟ್ಟಿಯಾಗಿ ಓದು ಅಂತಾರ, ಒಂದು ಅಕ್ಷರ ಬಿಟ್ರ ಸಿಟ್ಟು. ಹುಬ್ಬಳ್ಳಿ ಡಾಕ್ಟರು ಶಿವರಾತ್ರಿ ಒಳಗ ಆಪರೇಶನ್ ಮಾಡಬೇಕು, ಪೊರೆ ಹಣ್ಣಾಗಿ ಒಡದ್ರ ಕಣ್ಣು ಹೋದಾಂಗ ಅಂದಾರ. ಇವರು ಒಲ್ಲೆ ಅಂತಾರ. ಯಾಕ ಅಂದ್ರ, ನಮ್ಮ ಮಾವನವರಿಗೆ ಆ ಅಚ್ಚು ಆಗಿ ಐದು ವರ್ಷಕ್ಕ ಕಣ್ಣು ಹೋದುವು. ಇವರ ಅಣ್ಣ, ನಮ್ಮ ಭಾವ ದ್ಯಾಮಪ್ಪನವರಿಗೂ ಹೋದುವು. ವೆಂಕಟ್ರಮಣ ಕಣ್ಣು ಬಿಡಿಸದ ಮನೀ ಅಂತ ಮಂದಿ ಅಂತಾರ. ಇವರು ಊರಿಗೆಲ್ಲಾ ಬೈತಾರ, ಒಳಗ ತಾವ ನಂಬ್ಯಾರ. ಬಾಯಿಬಿಟ್ಟು ಹೇಳಂಗಿಲ್ಲ. ನೀ ಒಂದು ಉಪಕಾರ ಮಾಡು. ಆ ಅಚ್ಚಿನ ಕಣ್ಣು ಕೊರದು ಬಿಡಿಸಿಬಿಡು. ಬಿಡಿಸ್ಯಾಳ ಅಂದ್ರ ಒಪ್ಪತಾರ.

ಈಗ ಇನ್ನೂ ಏನು ಬರೀತಿ ಅಂದ್ರು. ವಿಳಾಸ ಅಂದೆ. ಯಲ್ಲಾಪುರದ ವಿಳಾಸ ಇಷ್ಟು ಉದ್ದ ಯಾವಾಗ ಆತು ಅಂತ ಕೇಳಾಕ ಹತ್ಯಾರ. ಮುಗಿಸ್ತೀನಿ.


ಯಲ್ಲಾಪುರ, ೪ ಡಿಸೆಂಬರ್ ೧೯೫೮

ಪೂಜ್ಯ ಮಾಸ್ತರರಿಗೆ ನಮಸ್ಕಾರಗಳು.

ಬೈದದ್ದು ಸರಿಯೇ. ಅಜ್ಜನನ್ನು ತಿರುಗಿಸಿ ಇಟ್ಟಿದ್ದೇನೆ, ಈಗ ನಮ್ಮನ್ನು ನೋಡುತ್ತಾರೆ. ನಾಲ್ಕೂ ಚಿತ್ರ ಒಣಗಿವೆ. ಅಂಚಿನಲ್ಲಿ ಮಸಿ ಸ್ವಲ್ಪ ಕದಡಿದೆ, ಇನ್ನೊಂದು ಸಲ ಒತ್ತಿ ಕಳಿಸುತ್ತೇನೆ. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಳ್ಳಿ.

ವಿನೋದಾ

(ಬೇರೆ ಚೀಟಿ)

ಗೌರಕ್ಕ, ಈ ಚೀಟಿ ನಿಮಗೆ ಮಾತ್ರ. ಗಟ್ಟಿಯಾಗಿ ಓದಬೇಡಿ. ಕಣ್ಣು ಕೊರೆಯುವುದು ನನಗೆ ಅರ್ಧ ಗಂಟೆಯ ಕೆಲಸ. ನಿನ್ನೆ ಉಳಿ ಹಿಡಿದು ಕೂತೂ ಕೂತೆ. ಕೈ ಏಳಲಿಲ್ಲ. ಅಷ್ಟು ದೊಡ್ಡ ಕಸುಬಿನವನು ಬೇಕೆಂದೇ ಬಿಟ್ಟ ಜಾಗ ಅದು. ಯಾಕೆ ಬಿಟ್ಟ ಎಂದು ತಿಳಿಯದೆ ನಾನು ತುಂಬಬಾರದು. ಇನ್ನೊಂದು ಯೋಚನೆ ಮಾಡಿ: ನಾನು ಕೊರೆದು, ಆಮೇಲೆ ಆಪರೇಶನ್ ಕೆಟ್ಟರೆ ಮಾಸ್ತರರು ಉಳಿದ ಜನ್ಮವೆಲ್ಲ ಆ ಮರವನ್ನೇ ನಂಬುತ್ತಾರೆ. ವೆಂಕಟ್ರಮಣನ ಕಡೆಯವರು ಎಲ್ಲಾದರೂ ಇದ್ದರೆ ನಿಧಾನವಾಗಿ ವಿಚಾರಿಸಿ ಬರೆಯಿರಿ. ಮಾಸ್ತರರು ಹೆದರಿದ್ದಾರೆಂದು ನನಗೆ ತಿಳಿದಿರುವುದು ಅವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ನನ್ನ ಮುಖ ನೋಡಲಿಕ್ಕಿಲ್ಲ.


ಶಿರಸಿ, ೧೫ ಡಿಸೆಂಬರ್ ೧೯೫೮

ವಿನೋದಾಳಿಗೆ.

ನಿನ್ನ ಪತ್ರವನ್ನು ಗೌರಕ್ಕ ಎಂದಿನಂತೆ ಬೆರಳಿಟ್ಟು ಓದಿದಳು. ಪತ್ರ ಮುಗಿಯಿತು, ಚೀಟಿ ಬಂತು. ನಲವತ್ತು ವರ್ಷದ ರೂಢಿ; ಬೆರಳು ನಿಲ್ಲಲಿಲ್ಲ. "ಗಟ್ಟಿಯಾಗಿ ಓದಬೇಡಿ" ಎಂಬ ಸಾಲನ್ನೂ ಗಟ್ಟಿಯಾಗಿಯೇ ಓದಿದಳು. "ನನ್ನ ಮುಖ ನೋಡಲಿಕ್ಕಿಲ್ಲ" ಎಂಬಲ್ಲಿಗೆ ಬಂದ ಮೇಲೆ ಅವಳಿಗೆ ತಿಳಿಯಿತು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದವಳು ಸಂಜೆಯ ತನಕ ಹೊರಗೆ ಬರಲಿಲ್ಲ.

ಎರಡು ದಿನ ನಾನು ಇಬ್ಬರ ಮೇಲೂ ಸಿಟ್ಟಾಗಿದ್ದೆ. ನನ್ನ ಮನೆಯಲ್ಲಿ, ನನ್ನ ಕಾಗದದಲ್ಲಿ, ನನ್ನ ಅಂಚೆಚೀಟಿಯ ಖರ್ಚಿನಲ್ಲಿ, ನನ್ನ ಬಗ್ಗೆಯೇ ಪತ್ರವ್ಯವಹಾರ. ಮೂರನೆಯ ದಿನ ಸಿಟ್ಟು ಮಾಡಿಕೊಂಡು ಕೂರಲು ಪೇಪರೂ ಇಲ್ಲದಾಯಿತು, ಓದುವವಳು ಮಾತು ಬಿಟ್ಟಿದ್ದಳು.

ಆದ್ದರಿಂದ ಹೇಳಿಬಿಡುತ್ತೇನೆ. ಇದನ್ನೂ ಅವಳೇ ಬರೆಯುತ್ತಿದ್ದಾಳೆ, ಬರೆಯಲಿ.

ಮೊದಲು ಪೇಪರಿನ ಸಣ್ಣ ಅಕ್ಷರ ಹೋಯಿತು. ಆಮೇಲೆ ದೊಡ್ಡ ಅಕ್ಷರ. ಈ ದಸರೆಯ ಹೊತ್ತಿಗೆ ಎದುರು ಬರುವವರ ಮುಖ. ಧ್ವನಿ ಕೇಳಿ ಗುರುತು ಹಿಡಿದು ಮಾತಾಡುತ್ತೇನೆ, ಯಾರಿಗೂ ತಿಳಿದಿಲ್ಲ. ಅಪ್ಪನಿಗೂ ಹೀಗೆಯೇ ಆಯಿತು. ಅಪ್ಪ ಕುರುಡನಾದ ಮೇಲೆ ಇನ್ನೂ ಎಂಟು ವರ್ಷ ಬದುಕಿದ್ದ, ಅಂಗಡಿಯಲ್ಲಿ ಬಟ್ಟೆಯ ಬಣ್ಣ ಕೇಳಿ ಕೇಳಿ ಅಳೆಯುತ್ತಿದ್ದ. ಅವನಿಗೆ ಊಟಕ್ಕೆ ಕೈಹಿಡಿದು ಕೂರಿಸುತ್ತಿದ್ದವನು ನಾನು. ಪೊರೆ ಎಂದರೆ ವಯಸ್ಸಿನ ಕಾಯಿಲೆ, ನಾನು ಓದಿದ್ದೇನೆ. ಓದಿದ್ದು ತಲೆಯಲ್ಲಿ ಇರುತ್ತದೆ. ಮಲಗಿದಾಗ ಆ ಹಲಗೆ ಕಾಣುತ್ತದೆ. ಕಣ್ಣು ಮಂಜಾದಷ್ಟೂ ಅದು ನಿಚ್ಚಳವಾಗಿ ಕಾಣುತ್ತದೆ. ನಮ್ಮ ಮನೆಯವರ ಕಣ್ಣು ತೆರೆಯುವುದಿಲ್ಲ ಎಂದು ಅವನು ಕೆತ್ತಿಟ್ಟಿದ್ದರೆ, ಹುಬ್ಬಳ್ಳಿಯ ಡಾಕ್ಟರು ಏನು ತೆರೆದಾರು?

ಇದನ್ನು ಕಮಲಾಕರ ಹೇಳಿದ್ದರೆ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ವೆಂಕಟ್ರಮಣ ಅದೇ ವರ್ಷ ಸಿದ್ದಾಪುರಕ್ಕೆ ಹೋಗಿ ನೆಲೆಸಿದ. ಈಗಿಲ್ಲ. ಮಗಳೊಬ್ಬಳು ಇದ್ದಳು, ದುರ್ಗಮ್ಮ. ಅಲ್ಲಿನ ಶಾಲೆಯಲ್ಲಿ ಆರು ವರ್ಷ ಇದ್ದೆನಲ್ಲ, ಅವಳ ಮನೆಯ ಮುಂದೆಯೇ ಹೋಗಿ ಬರುತ್ತಿದ್ದೆ. ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ. 'ಹೌದು, ಶಾಪವೇ' ಎಂದು ಅವಳು ಅಂದುಬಿಟ್ಟರೆ?

ನೀನು ಕೇಳುವುದಾದರೆ ಕೇಳು. ಏನು ಹೇಳಿದರೂ ಹೇಳಿದ ಹಾಗೇ ಬರೆ. ಮರೆಮಾಚಿದರೆ ಗೌರಕ್ಕನ ಧ್ವನಿಯಲ್ಲಿ ನನಗೆ ತಿಳಿಯುತ್ತದೆ.

ಅಂದಾನಪ್ಪ


ಯಲ್ಲಾಪುರ, ೫ ಜನವರಿ ೧೯೫೯

ಪೂಜ್ಯ ಮಾಸ್ತರರಿಗೆ ನಮಸ್ಕಾರಗಳು. ಗೌರಕ್ಕ, ಇದನ್ನು ಗಟ್ಟಿಯಾಗಿ ಓದಿ. ಒಂದು ಅಕ್ಷರ ಬಿಡಬೇಡಿ.

ನಾನು ಕಲಿಸುವ ಶಾಲೆಗೆ ರಜೆ ಬಂದಾಗ ತವರಿಗೆ ಹೋದೆ. ಹೇರೂರಿನಿಂದ ಮರುದಿನವೇ ಸಿದ್ದಾಪುರಕ್ಕೆ ಹೋಗಿ ದುರ್ಗಮ್ಮನ ಮನೆ ಹುಡುಕಿದೆ. ಅರವತ್ತು ದಾಟಿದ ಹೆಂಗಸು, ಗಟ್ಟಿ ಇದ್ದಾರೆ. ಅಂಗಳದಲ್ಲಿ ಕೂತು ಗಂಧದ ಪೆಟ್ಟಿಗೆಗೆ ಮರಳುಕಾಗದ ತಿಕ್ಕುತ್ತಿದ್ದರು. ನಾನು ನಾಲ್ಕೂ ಚಿತ್ರ ಒಯ್ದಿದ್ದೆ. ನೆಲದ ಮೇಲೆ ಹಾಸಿದೆ. ನೋಡಿ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು.

"ಅಯ್ಯೋ, ಇದನ್ನ ಇನ್ನೂ ಇಟ್ಟೀರಾ? ಇದು ಅಪ್ಪ ತಪ್ಪು ಮಾಡಿದ್ದು."

ಆಗ ಅವರಿಗೆ ಹದಿಮೂರು ವರ್ಷವಂತೆ. ಅಚ್ಚಿಗೆ ಮಸಿ ಹಚ್ಚಿದವರು ಅವರೇ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಮ್ಮಪ್ಪ ದೇವರು ಕೆತ್ತಿದವ, ಗಂಧದ ಆನೆ ಕೆತ್ತಿದವ. ಒತ್ತೂ ಅಚ್ಚು ಅವತ್ತಿನ ತನಕ ಮಾಡಿದವ ಅಲ್ಲ. ಎದುರು ಕೂತವರನ್ನ ಕಂಡ ಹಾಗೇ ಕೆತ್ತಿದ. ಎಲ್ಲ ಮುಗೀತು, ಕಣ್ಣೊಂದು ಬಾಕಿ. ಮೂರ್ತಿಗೆ ಕಣ್ಣು ಯಾವತ್ತೂ ಕಡೆಗೇ. ಅದಕ್ಕೆ ಮುಂಚೆ ಒಂದು ಸಲ ಒತ್ತಿ ನೋಡುವ ಅಂದ. ಮೊದ್ಲು ಹೆಗಡೇರದ್ದು. ಕಾಗದ ಎತ್ತಿದ್ರೆ ಜನಿವಾರ ಬಲಕ್ಕೆ ಬಂದು ಕೂತಿದೆ. ಅಪ್ಪನ ಮುಖ ಬೂದಿ ಆಯ್ತು. ಜೀವ ಇದ್ದ ಮನುಷ್ಯನ್ನ ಶ್ರಾದ್ಧಕ್ಕೆ ಕೂರ್ಸಿದೆ ಅಂದ. ಕಾಗದ ಒಲೆಗೆ ಹಾಕಿದ."

ಮಾಸ್ತರರೇ, ಅಚ್ಚು ಕೊರೆಯುವವಳಾದ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಅಚ್ಚಿನಲ್ಲಿ ಎಡಕ್ಕೆ ಇದ್ದದ್ದು ಕಾಗದದಲ್ಲಿ ಬಲಕ್ಕೆ ಬರುತ್ತದೆ. ಮೊಹರು ಮಾಡುವವನು ಅಕ್ಷರವನ್ನು ತಿರುವಿ ಕೆತ್ತುವುದು ಅದಕ್ಕೇ. ಇದು ನಾವು ಧಾರವಾಡದಲ್ಲಿ ಕಲಿತ ಮೊದಲ ಪಾಠ. ವೆಂಕಟ್ರಮಣನಂಥವನು ಇದನ್ನು ತಪ್ಪುತ್ತಾನೆಂದು ನಾನು ಎಣಿಸಲೇ ಇಲ್ಲ. ಶ್ರಾದ್ಧ, ಸಾವು ಎಂದೇ ಯೋಚಿಸಿದೆ.

"ಹಾಗಾದ್ರೆ ಕಣ್ಣು ಯಾಕೆ ಬಿಟ್ರು?" ಎಂದೆ.

"ಊನ ಆದ ಮೂರ್ತಿಗೆ ಕಣ್ಣು ಬಿಡಿಸೂದಿಲ್ಲ ಮಾರಾಯ್ತಿ. ಅದು ನಮ್ಮ ಕಟ್ಟಳೆ. ಕಣ್ಣು ಬಿಡಿಸಿದ್ರೆ ಮಾತ್ರ ಅದಕ್ಕೆ ಜೀವ, ಬಿಡಿಸದೇ ಇದ್ರೆ ಬರೀ ಮರ. ಮರ ಯಾರಿಗೆ ಎಂತ ಮಾಡ್ತದೆ? ಯಾರಿಗೂ ಏನೂ ಆಗ್ಬಾರ್ದು ಅಂತಲೇ ಅಪ್ಪ ಬಿಟ್ಟದ್ದು."

ಹೊಸದಾಗಿ ಕೆತ್ತಿ ಕೊಡಬೇಕೆಂದಿದ್ದರಂತೆ. ಅಷ್ಟರಲ್ಲಿ ನಮ್ಮ ಅಜ್ಜ ತೀರಿಕೊಂಡರು. ಆಮೇಲೆ ಶಿರಸಿಗೆ ಬಂದು ಮುಖ ತೋರಿಸಲು ಅವರಿಗೆ ನಾಚಿಕೆಯಾಯಿತು.

ನಿಮ್ಮ ಮನೆಯ ಮಾತು, ಜನ ಅನ್ನುವುದು, ಎಲ್ಲ ಹೇಳಿದೆ. ಅವರು ಮರಳುಕಾಗದ ಕೆಳಗಿಟ್ಟರು.

"ಅವರು ಇಲ್ಲೇ ಶಾಲೇಲಿ ಇದ್ದ ಮಾಸ್ತರ್ ಅಲ್ವಾ? ಕೊಡೆ ಹಿಡ್ಕೊಂಡು ಬಿರಬಿರ ಹೋಗ್ತಿದ್ರು, ಈ ಕಡೆ ತಿರುಗಿ ನೋಡ್ತಿರ್ಲಿಲ್ಲ. ದೊಡ್ಡ ಜನ, ಗರ್ವ ಅಂತ ಮಾಡಿದ್ದೆ. ಹೆದರಿಕೆ ಆಗಿತ್ತಾ? ಒಂದು ಚಾ ಕುಡ್ದು ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಹೋಗಿ ಆಪರೇಶನ್ ಮಾಡಿಸ್ಕಳ್ಳಿ ಅನ್ನಿ. ನಂಗೂ ಹೋದ ವರ್ಷ ಆಗಿದೆ."

ಹೌದು ಮಾಸ್ತರರೇ. ಅವರು ದಪ್ಪ ಗಾಜಿನ ಕನ್ನಡಕ ಹಾಕಿದ್ದರು. ಮರಳುಕಾಗದ ತಿಕ್ಕಿದ ಪೆಟ್ಟಿಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಗೀರನ್ನು ನನಗೆ ತೋರಿಸಿ, "ಇದು ನಿಂಗೆ ಕಾಣ್ತದಾ?" ಎಂದು ಕೇಳಿದರು. ನನಗೆ ಕಂಡಿರಲಿಲ್ಲ.

ಮನೆಗೆ ಬಂದು ಅಜ್ಜನ ಚಿತ್ರವನ್ನು ಕನ್ನಡಿಗೆ ಹಿಡಿದೆ. ಜನಿವಾರ ಎಡಕ್ಕೆ ಬಂತು. ಅತ್ತೆಯನ್ನು ಕರೆದು ತೋರಿಸಿದೆ. "ಈಗ ಸಮಾ ಇದ್ದು," ಎಂದರು.

ವಿನೋದಾ


ಶಿರಸಿ, ೧೯ ಜನವರಿ ೧೯೫೯

ತಂಗೀ ವಿನೋದಾ,

ನಿನ್ನ ಕಾಗದ ನಾಲ್ಕು ಸಲ ಓದಿಸ್ಯಾರ. ಮೊದಲನೇ ಸಲ ಕಾಗದ ಇಸ್ಕೊಂಡು ಮಡಚಿ ಕಿಸೇದಾಗ ಇಟ್ಕೊಂಡ್ರು. ಎರಡನೇ ಸಲ ದುರ್ಗಮ್ಮಗ ಕಣ್ಣಿನ ಆಪರೇಶನ್ ಆದದ್ದು ಮತ್ತೊಮ್ಮೆ ಓದು ಅಂದ್ರು. ಮೂರನೇ ಸಲ, ಚಾ ಕುಡಿಬೇಕಿತ್ತು ಅಂದ್ರು. ನಾಲ್ಕನೇ ಸಲ ಟ್ರಂಕ್ ತಗಿ ಅಂದ್ರು.

ಬರೋ ಸೋಮವಾರ ಯಲ್ಲಾಪುರದ ಮ್ಯಾಲೆ ಹುಬ್ಬಳ್ಳಿಗೆ ಹೊಂಟೀವಿ. ನಿಮ್ಮಲ್ಲಿ ಒಂದು ದಿನ ಇದ್ದು ಹೋಗ್ತೀವಿ. ಇವರು ಇನ್ನೂ ಬೈಯೂದು ಬಿಟ್ಟಿಲ್ಲ. ಆದ್ರ ಈಗ ಬಸ್ಸಿನ ಟೈಮಿಗೆ ಬೈತಾರ. ನನ್ನ ಜೀವಕ್ಕ ಹಾಯ್ ಅನಿಸೇತಿ.

ಗೌರಕ್ಕ


ಹುಬ್ಬಳ್ಳಿ, ೬ ಫೆಬ್ರುವರಿ ೧೯೫೯

ತಂಗೀ, ಕಾರ್ಡಿನ್ಯಾಗ ಜಾಗ ಇಲ್ಲ. ಬಲಗಣ್ಣಿಂದು ಆತು. ಎಂಟು ದಿನ ತಲಿ ಅಲ್ಲಾಡಿಸಬಾರದು ಅಂತ ಎರಡೂ ಕಡೆ ಮರಳಿನ ಚೀಲ ಇಟ್ಟಾರ. ತಲಿ ಅಲ್ಲಾಡಸದ ಬೈಯೂದು ಹೆಂಗ ಅಂತ ಕಲಿತಾರ. ಇವತ್ತು ಪಟ್ಟಿ ಬಿಚ್ಚಿದ್ರು. ಡಾಕ್ಟರು ಇದೇನು ಅಂತ ಕೈ ತೋರಿಸಿದ್ರು. ಬೆರಳು ಮೂರು, ಮತ್ತ ಉಗುರು ಕತ್ತರಿಸಬೇಕು ಅಂದ್ರು.

ಗೌರಕ್ಕ


ಯಲ್ಲಾಪುರ, ೨ ಮಾರ್ಚ್ ೧೯೫೯

ಪೂಜ್ಯ ಮಾಸ್ತರರಿಗೆ ಮತ್ತು ಗೌರಕ್ಕನಿಗೆ ನಮಸ್ಕಾರಗಳು.

ಕಾರ್ಡನ್ನು ಅತ್ತೆಗೆ ಓದಿ ಹೇಳಿದೆ. ಆ ದಿನ ಪಾಯಸ ಮಾಡಿದರು. ಯಾಕೆಂದು ಕೇಳಿದರೆ, ಹಾಲು ಉಳಿದಿತ್ತು ಎಂದರು.

ಜನವರಿಯಲ್ಲಿ ನೀವು ಇಲ್ಲಿ ಜಗಲಿಯ ಮೇಲೆ ಕೂತಿದ್ದಾಗ ನಾನು ಕಾಗದದ ಮೇಲೆ ಏನೋ ಗೀಚುತ್ತಿದ್ದೆ. ಹಾಜರಿ ಪಟ್ಟಿ ಎಂದು ಸುಳ್ಳು ಹೇಳಿದ್ದೆ. ನಿಮ್ಮ ಮುಖ ಬರೆಯುತ್ತಿದ್ದೆ. ಅದನ್ನು ಹೆದ್ದಿ ಮರದ ಹಲಗೆಯ ಮೇಲೆ, ಎಡಬಲ ತಿರುವಿ, ಕೊರೆದು ಮುಗಿಸಿದ್ದೇನೆ. ಕಣ್ಣು ಮಾತ್ರ ಬಿಟ್ಟಿದ್ದೇನೆ. ಊನ ಇಲ್ಲ, ಹೆದರಬೇಡಿ. 'ಕಣ್ಣು ಕಡೆಗೆ' ಎಂಬ ದುರ್ಗಮ್ಮನ ಮಾತನ್ನು ಹಿಡಿದೆ. ಕನ್ನಡಕ ತರಲು ಹುಬ್ಬಳ್ಳಿಗೆ ಹೋದವರು ಬರುವಾಗ ಇಲ್ಲಿ ಇಳಿಯಿರಿ. ನಿಮ್ಮೆದುರಿಗೇ ಬಿಡಿಸುತ್ತೇನೆ.

ವಿನೋದಾ


ಶಿರಸಿ, ೧೨ ಏಪ್ರಿಲ್ ೧೯೫೯

ಚಿ. ಸೌ. ವಿನೋದಾಳಿಗೆ ಆಶೀರ್ವಾದ.

ಇದನ್ನು ನಾನೇ ಬರೆಯುತ್ತಿದ್ದೇನೆ. ಕನ್ನಡಕದ ಗಾಜು ಬಾಟಲಿಯ ತಳದಷ್ಟು ದಪ್ಪ ಇದೆ, ಪಕ್ಕಕ್ಕೆ ನೋಡಿದರೆ ಬಾಗಿಲು ಬಾಗುತ್ತದೆ. ನೇರ ನೋಡಿದರೆ ಎಲ್ಲ ಇದೆ. ಪೇಪರಿನ ಮೂಲೆಯ ಜಾಹೀರಾತನ್ನೂ ಬಿಡದೆ ಓದುತ್ತಿದ್ದೇನೆ. ಆರು ತಿಂಗಳಲ್ಲಿ ಅಚ್ಚಿನ ತಪ್ಪು ಎಷ್ಟು ಹೆಚ್ಚಿವೆ ಎಂದರೆ ಸಂಪಾದಕರಿಗೆ ಬರೆಯಲೇಬೇಕಾಗಿದೆ.

ಮೊದಲು ಒಂದು ದೂರು. ನಿಮ್ಮ ಮನೆಯಲ್ಲಿ ಅಂದು ನೀನು ನನ್ನೆದುರು ಕೂತು ಅಚ್ಚಿನ ಕಣ್ಣು ಬಿಡಿಸಿ, ಮಸಿ ಹಚ್ಚಿ ಒತ್ತಿ ಕೊಟ್ಟಾಗ ನಾನು ಏನೂ ಅನ್ನಲಿಲ್ಲ. ನಿಮ್ಮ ಅತ್ತೆ ಎದುರಿಗಿದ್ದರು, ಪಾಯಸ ಬಡಿಸಿದ್ದರು. ಇಲ್ಲಿ ಬಂದು ಗೋಡೆಗೆ ಹಾಕಿ ನೋಡಿದೆ. ಗೆರೆ ಚೆನ್ನಾಗಿವೆ. ಆದರೆ ಅದು ನಾನಲ್ಲ. ನನ್ನ ಹಾಗೇ ಇರುವ ಬೇರೆ ಯಾರೋ. ಬಾಯಿಯ ಓರೆ, ಹುಬ್ಬಿನ ಏರು ಯಾವುದೂ ಇರುವಲ್ಲಿ ಇಲ್ಲ. ಕತ್ತಲಲ್ಲಿ ಕಂಡರೆ ಬೆಚ್ಚುವಂತಿದೆ. ಗೌರಕ್ಕನಿಗೆ ಹಾಗೇ ಹೇಳಿದೆ.

ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಬಂದು ನಿಂತಳು. "ನೀವಽ ಅದು," ಎಂದಳು.

"ನನ್ನ ಮುಖ ನನಗೆ ಗೊತ್ತಿಲ್ಲೇನು? ದಿನಾ ಬೆಳಿಗ್ಗೆ ಗಡ್ಡ ಹೆರೀತೀನಿ."

"ನೀವು ನೋಡಿದ್ದು ಕನ್ನಡ್ಯಾಗಿಂದು. ಅದನ್ನ ನೀವೊಬ್ಬರ ನೋಡೀರಿ. ನಲವತ್ತು ವರ್ಷ ನಾ ನೋಡಿದ್ದು ಇದನ್ನ. ಬಾಯಿ ಇತ್ತಾಗಽ ಓರೆ ಆಗತೈತಿ ನಿಮ್ಮದು, ಸುಳ್ಳ ಸಿಟ್ಟು ಬಂದಾಗ."

ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ನನ್ನ ಮುಖದ ಪರಿಚಯವಾಯಿತು. ದೂರು ವಾಪಸ್ಸು ಪಡೆದಿದ್ದೇನೆ.

ಉತ್ಸವ ನಡೆಯಿತು. ನಾಲ್ವರ ಚಿತ್ರವನ್ನೂ ತೂಗುಹಾಕಿದೆವು. ಕೆಳಗೆ ನಾನೇ ಒಂದು ಚೀಟಿ ಬರೆದು ಅಂಟಿಸಿದ್ದೇನೆ: ಗುಡಿಗಾರ ವೆಂಕಟ್ರಮಣ ಒತ್ತುವ ಅಚ್ಚನ್ನು ಮೊದಲ ಸಲ ಕೆತ್ತಿದನೆಂದೂ, ಎಡಬಲ ತಪ್ಪಿದ್ದು ಕಂಡು, ಕೆಲಸದ ಮರ್ಯಾದೆಗಾಗಿ ಕಣ್ಣು ಬಿಡಿಸದೆ ನಿಲ್ಲಿಸಿದನೆಂದೂ. ದುರ್ಗಮ್ಮನನ್ನು ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದೆವು. ನಾನೇ ಚಹ ಒಯ್ದು ಕೊಟ್ಟೆ. "ತಡ ಆಯ್ತು ಮಾಸ್ತರ್ರೇ, ಆದ್ರೂ ಬಿಸಿ ಇದೆ," ಎಂದಳು. ಕಮಲಾಕರ ಬಂದು ಚಿತ್ರಗಳ ಮುಂದೆ ನಿಂತು, ತಾನು ಎಂದೂ ಅಂಥದ್ದನ್ನು ನಂಬಿದವನಲ್ಲ ಎಂದ. ಬೆಂಚು ಹತ್ತುವವರ ಸಾಲಿನಲ್ಲಿ ಅವನ ಹಿಂದೆಯೇ ನಾನಿದ್ದೆ.

ಈಗ ಒಂದು ಮಾತು, ನಿನಗೆ ಮಾತ್ರ. ಎಲ್ಲರೂ ಹೋದ ಮೇಲೆ ಅಪ್ಪನ ಚಿತ್ರ ಇಳಿಸಿ ಮನೆಗೆ ತಂದೆ, ಒಂದು ದಿನದ ಮಟ್ಟಿಗೆ. ಗಡ್ಡದ ಕನ್ನಡಿಗೆ ಹಿಡಿದೆ. ಕನ್ನಡಿಯಲ್ಲಿ ಅಪ್ಪ ಇದ್ದ, ನನಗೆ ನೆನಪಿರುವ ಅಪ್ಪ. ಶಲ್ಯ ಎಡ ಭುಜದ ಮೇಲೆ. ಕನ್ನಡಿ ಕೆಳಗಿಟ್ಟು ಮತ್ತೆ ಕಾಗದ ನೋಡಿದೆ. ಆಗ ಗೌರಕ್ಕನ ಮಾತು ನೆನಪಾಯಿತು. ನಮಗೆ ಯಾರಿಗೂ ಗುರುತಿಲ್ಲದ, ನಾವು ಐವತ್ತು ವರ್ಷ ಹೆದರಿದ ಈ ಮುಖ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಗೆ ಹೊರಡುವ ಮುಂಚೆ ರುಮಾಲು ಸುತ್ತಿಕೊಳ್ಳುವಾಗ ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದ ಮುಖ. ಕಣ್ಣು ಹೋಗುವ ಮುಂಚೆ ಕಡೆಯ ಸಲ ಅವನು ತನ್ನನ್ನು ಕಂಡದ್ದು ಹೀಗೆಯೇ.

ಬಹಳ ಹೊತ್ತು ಕೂತು ನೋಡಿದೆ. ನೋಡಲು ಆಗುತ್ತಿತ್ತು.

ಎಡಗಣ್ಣಿನದು ಬರುವ ಚಳಿಗಾಲಕ್ಕೆ. ಆಗಲೂ ನಿಮ್ಮಲ್ಲಿ ಇಳಿಯುತ್ತೇವೆ. ಈ ಪತ್ರವನ್ನು ನಾನೇ ಬರೆದು, ನಾನೇ ಅಂಟಿಸಿ, ನಾನೇ ಡಬ್ಬಿಗೆ ಹಾಕುತ್ತೇನೆ. ಯಾರ ಬೆರಳೂ ಇದರ ಮೇಲೆ ಆಡುವುದಿಲ್ಲ.

ಅಂದಾನಪ್ಪ

ತಂಗೀ, ಅಂಟು ಹುಡುಕಾಕ ಒಳಗ ಹೋಗ್ಯಾರ. ಎಲ್ಲಾ ಓದಿದೆ, ಮನಸಿನ್ಯಾಗ. ಸಾಲು ನೋಡು, ಒಂದರ ಮ್ಯಾಲೊಂದು ಹತ್ತಿಲ್ಲ.